ನಳಿಗೆಯ ಮೇಲಿನ ಬೆರಳು

ನಂಬುವುದಿಲ್ಲ ಅನ್ನುವವರು ಈಗಲೇ ಎದ್ದು ಹೋಗಬಹುದು. ನಮ್ಮ ಮಠದಲ್ಲಿ ನನ್ನಷ್ಟು ಬಿಗಿಯಾಗಿ ನೇಮ ಹಿಡಿದವನು ಇನ್ನೊಬ್ಬನಿಲ್ಲ. ಶ್ರಾವಣ ಮುಗಿಯುವ ತನಕ ಯಾರ ಕೈಯೂ ನನ್ನ ಮೈಗೆ ತಾಕಕೂಡದು. ಗುರುಗಳು ಹೇಳಿದ್ದಲ್ಲ, ನಾನೇ ಹಾಕಿಕೊಂಡಿದ್ದು. ನಮ್ಮೂರಿನವರು ಒಂದು ಹಿಡಿದರೆ ಹಿಡಿದಂತೆ.

ಶ್ರಾವಣದ ನಡುವೆ ಒಂದು ದಿನ ನನ್ನ ಅಕ್ಕ ನೀಲವ್ವ ಬಂದಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ಮರುದಿನ ಗಂಡನ ಜೊತೆ ದುಡಿಯಲು ಗೋವಾಕ್ಕೆ ಹೋಗುವವಳು, ಹೇಳಿ ಹೋಗಲು ಬಂದಿದ್ದಳು. ಕೆನ್ನೆ ಸವರಲು ಕೈ ಚಾಚಿದಳು. ನಾನು ಹಿಂದೆ ಸರಿದೆ.

“ಓಹೋ, ನಮ್ಮ ತಮ್ಮ ಸ್ವಾಮಿಗಳಾದ್ರಪಾ!” ಎಂದು ನಕ್ಕಳು. ನಗು ಪೂರ್ತಿ ಬರಲಿಲ್ಲ. ಸ್ವಲ್ಪ ಹೊತ್ತು ಬಾಗಿಲ ಕಟ್ಟೆಯ ಮೇಲೆ ಕುಳಿತಿದ್ದಳು. ಆಮೇಲೆ ನೋಡಿದರೆ ಇರಲಿಲ್ಲ.

ಸಂಜೆ ಗುರುಗಳ ಮುಂದೆ ಎದೆಯುಬ್ಬಿಸಿ ಕೇಳಿದೆ: “ಅಜ್ಜಾರ, ಒಡಹುಟ್ಟಿದವಳ ಕೈಯನ್ನೂ ತಾಕಿಸಿಕೊಳ್ಳದೆ ನೇಮ ಕಾಯ್ದವನಿಗೆ ಏನು ಸಿಗುತ್ತದೆ?”

ಗುರುಗಳು ಹೇಳಿದರು:

“ಒಬ್ಬ ವ್ಯಾಪಾರಿ ಇದ್ದ. ಹಳೆಯ ಬಂದೂಕುಗಳನ್ನು ಕೂಡಿಡುವುದು ಅವನ ಹುಚ್ಚು. ಹಾರಿಸಲಿಕ್ಕಲ್ಲ, ಇಡಲಿಕ್ಕೆ. ಅವನಿಗಿದ್ದ ಭಯ ಒಂದೇ, ತುಕ್ಕು. ತೊಗಲಿನ ಚೀಲ ತೇವ ಹಿಡಿಯುತ್ತದೆಂದು ಚೀಲ ಬಿಟ್ಟ. ಗೋಡೆ ಬೆವರುತ್ತದೆಂದು ಗೋಡೆಯಿಂದ ದೂರ ಮರದ ಚೌಕಟ್ಟು ಮಾಡಿಸಿದ. ತಿಂಗಳಿಗೊಮ್ಮೆ ಎಣ್ಣೆ ಬಟ್ಟೆಯಿಂದ ಒರೆಸುತ್ತಿದ್ದ. ಬರಿಗೈಯಲ್ಲಿ ತಾನೂ ಮುಟ್ಟುತ್ತಿರಲಿಲ್ಲ. ಬೆವರಿನ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ.

“ತವರಿಗೆ ಹೊರಟ ಹೆಂಡತಿ ಹೇಳಿ ಹೋಗಲು ಬಂದೂಕಿನ ಕೋಣೆಗೆ ಬಂದಳು. ಅವನು ತಲೆ ಎತ್ತಲಿಲ್ಲ. ಅವಳು ಬೇಕೆಂದೇ ಒಂದು ನಳಿಗೆಯ ಮೇಲೆ ಕೈ ಇಟ್ಟಳು.

“‘ಕೈ ತೆಗಿ! ಉಪ್ಪು ಅಂಟುತ್ತದೆ’ ಎಂದು ಕೂಗಿದ.

“‘ಮುಂಜಾನೆ ಸಾರಿಗೆ ಉಪ್ಪು ಹಾಕಿದ್ದೂ ಇದೇ ಕೈ ರೀ. ಆವಾಗ ಸುಮ್ನೆ ಉಂಡ್ರಲ್ಲ?’ ಎಂದಳು.

“ಅವನು ಸಿಟ್ಟಿನಲ್ಲಿ ನಳಿಗೆ ಒರೆಸುವುದನ್ನೂ ಮರೆತು, ಕೋಣೆಗೆ ಬೀಗ ಜಡಿದು ಅಂಗಡಿಗೆ ನಡೆದ. ತವರಿಗೆ ಹೋದವಳು ಜ್ವರ ಬಂದು ಅಲ್ಲೇ ತೀರಿಕೊಂಡಳು. ಬಹಳ ಕಾಲ ಅವನು ಆ ಬೀಗ ತೆಗೆಯಲಿಲ್ಲ.

“ತೆಗೆದಾಗ ಬಂದೂಕುಗಳೆಲ್ಲ ಇಟ್ಟ ಹಾಗೇ ಇದ್ದವು. ಒಂದರ ನಳಿಗೆಯ ಮೇಲೆ ಮಾತ್ರ ತುಕ್ಕು. ನಾಲ್ಕು ಬೆರಳು, ಸಾಲಾಗಿ. ಮನೆಯಲ್ಲಿ ಅವಳದು ಅಂತ ಅಷ್ಟು ಸ್ಪಷ್ಟವಾಗಿ ಬೇರೇನೂ ಉಳಿದಿರಲಿಲ್ಲ. ಅವನು ಎಣ್ಣೆ ಬಟ್ಟೆ ಎತ್ತಿಕೊಂಡ. ಕೈ ಅಲ್ಲೇ ನಿಂತಿತು.”

“ಉಜ್ಜಿದನೆ, ಅಜ್ಜಾರ?”

“ಉಜ್ಜಿದರೆ ಅವಳ ಬೆರಳು ಹೋಗುತ್ತದೆ. ಬಿಟ್ಟರೆ ತುಕ್ಕು ಹರಡಿ ಬೆರಳನ್ನೇ ನುಂಗುತ್ತದೆ. ಬಟ್ಟೆ ಹಿಡಿದುಕೊಂಡು ಅವನು ನೆಲದ ಮೇಲೆ ಕುಳಿತ.”

ನನ್ನ ಬಾಯಲ್ಲಿ ಉತ್ತರ ಯಾವಾಗಲೂ ಸಿದ್ಧ. “ಅವತ್ತೇ ಒರೆಸಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಅದಿರಲಿ, ನನ್ನ ನೇಮಕ್ಕೆ ಏನು ಸಿಗುತ್ತದೆ, ಅದನ್ನು ಹೇಳಲೇ ಇಲ್ಲವಲ್ಲ” ಎಂದೆ.

ಗುರುಗಳು ತಮ್ಮ ಹಿಂದಿನಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಮುಂದೆ ಇಟ್ಟರು.

“ನಿನ್ನ ಅಕ್ಕ ಇದನ್ನು ನನ್ನ ಕೈಗೆ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೋದಳು. ನಿನಗೆ ಸಿಕ್ಕಿದ್ದು ಇದು.”

ಗಂಟು ಬಿಚ್ಚಿದೆ.

ಜೋಳದ ರೊಟ್ಟಿ. ಒಂದೊಂದರ ಮೇಲೂ ತಟ್ಟಿದ ಬೆರಳಿನ ಗುರುತು.