ಸೂರ್ಯನ ಸದ್ದಿಗೆ ಕಾದ ಓಬಳ

ನಗುವವರು ಈಗಲೇ ನಕ್ಕುಬಿಡಿ. ಕೊನೆಗೆ ನೀವೂ ನನ್ನ ಹಾಗೆ ಓಬಳನ ಕಡೆಯವರೇ ಆಗುತ್ತೀರಿ.

ಕಲ್ಲುಗುಡ್ಡದ ಕೆಳಗೊಂದು ಹಟ್ಟಿ. ಅಲ್ಲಿ ಕಲ್ಲು ಒಡೆದು ಬದುಕುವ ಬೋರಕ್ಕ. ಅವಳಿಗೊಬ್ಬನೇ ಮಗ ಓಬಳ. ಆಳು ಬಾಗಿಲೆತ್ತರ, ಬುದ್ಧಿ ಹೊಸ್ತಿಲೆತ್ತರ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ!

“ನಾನು ಹೋದ ಮೇಲೆ ಇವನಿಗೆ ಮುದ್ದೆ ಹಾಕೋರು ಯಾರು? ಕ್ವಾರೀಲಿ ಒಂದು ಕೆಲಸ ಸಿಕ್ಕಿದ್ರೆ ಸಾಕಿತ್ತು!” ಬೋರಕ್ಕನಿಗೆ ಹಗಲೂ ರಾತ್ರಿ ಇದೇ ಚಿಂತೆ.

ಒಂದು ದಿನ ಬುತ್ತಿ ಕಟ್ಟಿಕೊಟ್ಟಳು. “ಮಾವ ದಿಬ್ಬದ ಮೇಲೆ ಕಲ್ಲು ಒಡೀತಾವ್ನೆ. ಕೊಟ್ಟು ಬಾ.”

ಓಬಳ ಹೋದ. ದೂರದಿಂದಲೇ ನೋಡಿದ. ಸುತ್ತಿಗೆ ಕಲ್ಲಿಗೆ ಬಿತ್ತು, ಸದ್ದಿಲ್ಲ! ಸುತ್ತಿಗೆ ಮೇಲೆದ್ದಿತು, ಠಣ್! ಮತ್ತೆ ಬಿತ್ತು, ಸದ್ದಿಲ್ಲ! ಮತ್ತೆ ಎದ್ದಿತು, ಠಣ್! ಬುತ್ತಿ ಸಮೇತ ಎದ್ದೆನೋ ಬಿದ್ದೆನೋ ಅಂತ ಓಡಿ ಬಂದ.

“ಅವ್ವಾ, ಮಾವ ಕಲ್ಲು ಒಡೀತಿಲ್ಲ, ಆಕಾಶ ಒಡೀತಾವ್ನೆ! ಬಿದ್ರೆ ಗತಿಯೇನು?”

“ಅಯ್ಯೋ ಮಂಕೇ! ಬೆಳಕು ಕಣ್ಣಿಗೆ ಆಗಲೇ ಬತ್ತದೆ. ಸದ್ದು ಪಾಪ, ಗಾಳಿ ಹಿಡ್ಕಂಡು ಹಿಂದಿಂದ ಬರಬೇಕು. ಕಣ್ಣಿಗೆ ಕಂಡ ಮೇಲೆ ಸದ್ದು ಬರೋ ತನಕ ಕಾಯಬೇಕು ಕಣ್ಲಾ!”

“ಆಗ್ಲವ್ವಾ, ಕಾಯ್ತೀನಿ.”

ಮರುದಿನ ಬೋರಕ್ಕ “ಸೂರ್ಯ ಹುಟ್ಟಿದ ಕೂಡ್ಲೇ ಆಡು ಹೊಡ್ಕಂಡು ಹೋಗು” ಅಂತ ಹೇಳಿ ಕೆಲಸಕ್ಕೆ ಹೋದಳು. ಮಧ್ಯಾಹ್ನ ಬಂದು ನೋಡುತ್ತಾಳೆ, ಆಡುಗಳು ಹಸಿದು ಕಟ್ಟಿದ ಹಗ್ಗವನ್ನೇ ತಿನ್ನುತ್ತಿವೆ. ಓಬಳ ಮುಖ ಮೇಲೆ ಮಾಡಿ ಜಗಲಿಯ ಮೇಲೆ ಕೂತಿದ್ದಾನೆ.

“ಯಾಕ್ಲಾ ಇನ್ನೂ ಇಲ್ಲೇ ಕೂತಿದ್ದೀಯ?”

“ಸೂರ್ಯ ಕಂಡವ್ವಾ. ಸದ್ದು ಇನ್ನೂ ಬಂದಿಲ್ಲ. ಕಾಯ್ತಾ ಇದ್ದೀನಿ.”

ನಿಜ ಹೇಳಲೇ? ಅಷ್ಟು ದೊಡ್ಡ ಬೆಂಕಿ ಉರಿಯುತ್ತದಲ್ಲ, ಅದರ ಸದ್ದು ಎಲ್ಲಿ ಅಂತ ನಾನಾಗಲಿ ನೀವಾಗಲಿ ಒಂದು ದಿನವಾದರೂ ಕೇಳಿದ್ದೇವೆಯೇ? ಅವನು ಕಿವಿಗೊಟ್ಟು ಕೂತಿದ್ದ! ನನಗಂತೂ ಅಲ್ಲೇ ಅವನು ಹಿಡಿಸಿಬಿಟ್ಟ.

ಬೋರಕ್ಕನಿಗೆ ಹಿಡಿಸಲಿಲ್ಲ. “ಸೂರ್ಯನಿಗೂ ನಮಗೂ ನಡುವೆ ಗಾಳಿ ಇಲ್ಲ, ಬರೀ ಬಯಲು. ಬೆಳಕಾದ್ರೆ ಹಂಗೇ ದಾಟ್ಕಂಡು ಬತ್ತದೆ. ಸದ್ದಿಗೆ ಹಿಡ್ಕಳಾಕೆ ಏನಾದ್ರೂ ಬೇಕು. ಗಾಳಿ ಬೇಕು, ನೀರು ಬೇಕು. ಕಲ್ಲು ಸಿಕ್ಕಿದ್ರೆ ಓಡ್ಕಂಡೇ ಬತ್ತದೆ. ಏನಾದ್ರೂ ಕೇಳಬೇಕಂದ್ರೆ ಕಲ್ಲಿಗೆ ಕಿವಿ ಇಡು!”

“ಆಗ್ಲವ್ವಾ, ಇಡ್ತೀನಿ.”

ಆಮೇಲೆ ಅವನನ್ನು ಕ್ವಾರಿಯ ಮೇಸ್ತ್ರಿ ಗಾದ್ರಪ್ಪನ ಮನೆಗೆ ಕೆಲಸ ಕೇಳಲು ಕಳಿಸಿದಳು. “ಅವರು ಏನು ಹೇಳ್ತಾರೋ ಸರಿಯಾಗಿ ಕೇಳಿಸ್ಕೋ!” ಅಂದಳು. ಗಾದ್ರಪ್ಪ ಬಾಯಿ ತೆಗೆದದ್ದೇ ತಡ, ಓಬಳ ಹೋಗಿ ಅವನ ಹೆಂಡತಿ ಹಿಟ್ಟು ರುಬ್ಬುತ್ತಿದ್ದ ಕಲ್ಲಿಗೆ ಕಿವಿ ಇಟ್ಟ!

“ಮಾತಾಡಿ ಮೇಸ್ತ್ರಿ, ಕೇಳ್ತೈತೆ! ಬರೀ ಗುಡುಗುಡು ಅಂತೀರಿ, ಅಷ್ಟೇ!”

ಗಾದ್ರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. “ಹೇಳಿದ್ದನ್ನ ಬಿಡದಂಗೆ ಮಾಡೋನೇ ಕಾವಲಿಗೆ ಬೇಕು. ನಾಳೆ ಬಾ” ಅಂದ.

ಕಿವಿತುಂಬ ಹಿಟ್ಟು ಮೆತ್ತಿಕೊಂಡು ಬಂದ ಮಗನನ್ನು ನೋಡಿ ಬೋರಕ್ಕ ಹಣೆ ಚಚ್ಚಿಕೊಂಡಳು. “ರುಬ್ಬೋ ಕಲ್ಲಿಗಲ್ಲ ಕಣೋ, ಗುಡ್ಡದ ಬಂಡೆಗೆ!”

“ಆಗ್ಲವ್ವಾ, ಬಂಡೆಗೇ ಇಡ್ತೀನಿ.”

ಮರುದಿನ ಬಂಡೆಗೆ ಸಿಡಿಮದ್ದು ತುಂಬಿದರು. ಗಾದ್ರಪ್ಪ ಓಬಳನ ಕೈಗೆ ಬಾವುಟ ಕೊಟ್ಟ. “ಜೋರಾಗಿ ಕೂಗು. ಯಾರೂ ಕಾಣಲಿಲ್ಲ, ಯಾವ ಸದ್ದೂ ಕೇಳಲಿಲ್ಲ ಅಂದ್ರೆ ಬಾವುಟ ಎತ್ತು. ನಾನು ಬತ್ತಿ ಹಚ್ತೀನಿ.”

“ಬಂಡೆ ಸಿಡೀತದೆ, ಓಡ್ರೋ!” ಓಬಳ ಕೂಗಿದ. ಆಳುಗಳೆಲ್ಲ ಓಡಿದರು. ನೋಡಿದ, ಯಾರೂ ಕಾಣಲಿಲ್ಲ. ಇನ್ನು ಕೇಳಬೇಕಲ್ಲ? ಬಂಡೆಗೆ ಕಿವಿ ಇಟ್ಟ.

“ಏನ್ಲಾ ಮಾಡ್ತಿದ್ದೀಯ? ಎತ್ತು ಬಾವುಟ!”

“ಎತ್ತಲ್ಲ. ಒಳಗೆ ಯಾರೋ ಕುಟ್ತಾವ್ರೆ.”

“ಬಂಡೆ ಒಳಗೆ ಯಾರಿರ್ತಾರೋ ಪೆದ್ದೇ? ಎತ್ತದಿದ್ರೆ ಈಗಲೇ ಮನೆಗೆ ನಡಿ!”

“ಮನೆಗೆ ಹೋಗ್ತೀನಿ, ಬಾವುಟ ಎತ್ತಲ್ಲ. ಸದ್ದು ಕೇಳ್ತೈತೆ.”

ಗಾದ್ರಪ್ಪ ಹಲ್ಲು ಕಡಿಯುತ್ತಾ ಬಂದು ತಾನೂ ಕಿವಿ ಇಟ್ಟ. ಟಕ್. ಟಕ್. ಟಕ್. ಅವನ ಮುಖ ಸುಣ್ಣವಾಯಿತು. ಬಂಡೆ ಸುತ್ತಿ ಹಿಂದಕ್ಕೆ ಓಡಿದರು. ಹಿಂದಿನ ಸಂದಿನಲ್ಲಿ ಬೋರಕ್ಕ ಕೂತು ಜಲ್ಲಿ ಒಡೆಯುತ್ತಿದ್ದಳು! ಮಗನ ಮೊದಲ ದಿನದ ಕೆಲಸ ಕದ್ದು ನೋಡೋಣ ಅಂತ ಬಂದವಳ ಕೈ ಸುಮ್ಮನಿರಲಿಲ್ಲ.

“ಕೂಗಿದ್ದು ಕೇಳಲಿಲ್ವೇನಮ್ಮಾ?”

“ಕೇಳ್ತು. ಎದುರುಗುಡ್ಡದಲ್ಲಿ ಯಾರೋ ಕೂಗಿದ್ರು. ಸಿಡಿಯೋದು ಆ ಕಡೆ ಅಂದ್ಕಂಡೆ.”

ಸದ್ದಿನ ಸಂಗತಿಯನ್ನೆಲ್ಲ ಮಗನಿಗೆ ಕಲಿಸಿದವಳು ಗುಡ್ಡಕ್ಕೆ ಬಡಿದು ವಾಪಸ್ಸು ಬಂದ ಕೂಗಿಗೆ ಮೋಸ ಹೋಗಿದ್ದಳು. ಅವಳನ್ನು ಉಳಿಸಿದ್ದು ಅವಳೇ ಮಂಕು ಅಂದವನ ಕಿವಿ. ಗಾದ್ರಪ್ಪ ತನ್ನ ತಲೆಯ ಮೇಲಿದ್ದ ಪೇಟ ಬಿಚ್ಚಿ ಓಬಳನಿಗೆ ಸುತ್ತಿದ.

ಊಟಕ್ಕೆ ಕೂತರು. ಮೊದಲ ಮುದ್ದೆ ಓಬಳನಿಗೆ. ಆ ಕ್ವಾರಿಯಲ್ಲೊಂದು ಕಟ್ಟಳೆ ಉಂಟು: ಜೊತೆಗೆ ದುಡಿದವರೆಲ್ಲ ಬಂದು ಕೂರುವ ತನಕ ಯಾರೂ ತುತ್ತು ಮುರಿಯುವಂತಿಲ್ಲ. ಬೋರಕ್ಕ ಕಣ್ಣೊರೆಸಿಕೊಂಡು ಅದನ್ನೇ ಮಗನಿಗೆ ಹೇಳಿಕೊಟ್ಟಳು.

ಓಬಳ ಸುತ್ತ ನೋಡಿದ. “ಇನ್ನೊಬ್ಬ ಬಂದಿಲ್ಲ.”

“ಯಾರು?”

“ಎದುರುಗುಡ್ಡದಲ್ಲಿ ಕೂಗಿದೋನು. ಅವ್ವನೇ ಕೇಳಿಸ್ಕಂಡ್ಲಲ್ಲ!”

ಮುದ್ದೆ ಹಿಡಿದು ಎದ್ದು ನಡೆದೇಬಿಟ್ಟ. ಗುಡ್ಡದ ಮುಂದೆ ನಿಂತು ಕೂಗಿದ.

“ಬಾರಪ್ಪಾ, ಉಣ್ಣು!”

“ಉಣ್ಣು!” ಅಂತು ಗುಡ್ಡ.

“ಇಲ್ಲಪ್ಪಾ, ನೀನೇ ಮೊದ್ಲು!”

“ನೀನೇ ಮೊದ್ಲು!”

ಇತ್ತ ಆಳುಗಳೆಲ್ಲ ಕಟ್ಟಳೆ ಮೀರಲಾಗದೆ ತಣ್ಣಗಾಗುವ ಮುದ್ದೆಯ ಮುಂದೆ ಕೂತಿದ್ದಾರೆ. ಬೋರಕ್ಕ ಬೈಯಲೆಂದೇ ಹೋದಳು. ಮಗನ ಮುಖ ನೋಡಿದಳು. ಕೊನೆಗೆ ಅವಳೂ ಗುಡ್ಡದ ಕಡೆ ತಿರುಗಿ ಕೂಗಿದಳು.

“ನನ್ನ ಮಗ ಹಸಿದವ್ನೆ, ಉಣ್ಣಪ್ಪಾ!”

“ಹಸಿದವ್ನೆ, ಉಣ್ಣಪ್ಪಾ!”

ಓಬಳನ ಕಣ್ಣು ಅರಳಿದವು. ಅವ್ವನ ಸೆರಗು ಜಗ್ಗಿದ.

“ಕೇಳ್ದೇನವ್ವಾ? ಅವನಿಗೂ ಒಬ್ಳು ಅವ್ವ ಅವ್ಳೆ! ಇನ್ನೊಂದು ಮುದ್ದೆ ತತ್ತಾ!”