ಗೀಜಗನ ಮರಿಗಳ ಗಾಳಿಮಾವ

ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಒಂದು ಸಣ್ಣ ಬಿರುಗಾಳಿಗೆ ದೊಡ್ಡ ಚಂಡಮಾರುತವಾಗುವ ಆಸೆ. ಆದರೆ ದಡ ಹತ್ತಿ ಕೋಲಾರದ ಬಯಲಿಗೆ ಬರುವಷ್ಟರಲ್ಲೇ ಅದರ ಬಲ ಸೋರಿಹೋಗಿತ್ತು. ಅಲ್ಲಿ ಈಚಲಮರಕ್ಕೆ ಜೋತುಬಿದ್ದ ಗೀಜಗನ ಗೂಡು ಕಂಡು, “ಇದನ್ನಾದರೂ ಕಿತ್ತೆಸೆಯುತ್ತೇನೆ” ಎಂದಿತು.

“ಗಾಳಿಯಣ್ಣ, ನನ್ನ ಮರಿಗಳಿಗಿನ್ನೂ ರೆಕ್ಕೆ ಬಲಿತಿಲ್ಲ” ಎಂದು ತಾಯಿಹಕ್ಕಿ ಬೇಡಿಕೊಂಡಿತು.

ಗಾಳಿ ಕೇಳಲಿಲ್ಲ. ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಊದಿತು. ಬಿಗಿಯಾಗಿ ಹೆಣೆದ ಗೂಡು ಕಿತ್ತುಬರಲಿಲ್ಲ, ತೊಟ್ಟಿಲಿನಂತೆ ತೂಗಾಡಿತು. ಒಳಗಿಂದ ಮರಿಗಳು ಕಿಲಕಿಲ ನಕ್ಕು, “ಮಾವ, ಇನ್ನೊಂದು ಸಲ” ಎಂದವು.

ದಾರಿಯುದ್ದಕ್ಕೂ ಎಲ್ಲರೂ ತೊಲಗು ಎಂದಿದ್ದರೇ ಹೊರತು, ಇನ್ನೊಂದು ಸಲ ಎಂದವರಿರಲಿಲ್ಲ. ಬಿರುಗಾಳಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಮರಿಗಳಿಗೆ ನಿದ್ದೆ ಹತ್ತುವವರೆಗೂ ಅದು ಗೂಡನ್ನು ತೂಗಿತು. ಆಮೇಲೆ ರಾಗಿ ಹೊಲಗಳ ಮೇಲೆ ಹದವಾದ ಮಳೆಯಾಗಿ ಸುರಿದು, ನಗುನಗುತ್ತಲೇ ಕರಗಿಹೋಯಿತು.