ಹಿಂದಿನ ದೋಣಿ ನೋಡಿ ಕಟ್ಟಿದವನು

"ತಾಯಿ, ಪ್ರತಿ ವಾಕ್ಯವನ್ನೂ ಹಿಂದಿನದಕ್ಕೆ ಬಿಗಿಯಾಗಿ ಕಟ್ಟಿದ್ದೇನೆ. ಆದರೂ ಬರಹ ಕೂಡಿಬಂದಿಲ್ಲ ಎನ್ನುತ್ತೀರಿ. ಏಕೆ?"

ಕೇಳಿದವನು ದೋರ್ಜೆ, ಹಿಮದ ನಾಡಿನಿಂದ ಕನ್ನಡ ಕಲಿಯಲು ಬಂದವನು. ಆಶ್ರಮದಲ್ಲಿ ಓದು ಮುಂದುವರಿಸಬೇಕಾದರೆ, ತಾನು ಇಲ್ಲಿ ಏಕೆ ಉಳಿಯಬೇಕೆಂದು ಕನ್ನಡದಲ್ಲಿ ಒಂದು ಹಾಳೆ ಬರೆದು ಒಪ್ಪಿಸಬೇಕಿತ್ತು. ಇಲ್ಲವಾದರೆ ನಾಳೆ ಹೊರಡುವ ವರ್ತಕರ ಜೊತೆ ಊರಿಗೆ. ಗುರು ಸಂಗಾದೇವಿ ಅದನ್ನು ಆಗಲೇ ಹಲವು ಬಾರಿ ತಿರುಗಿಸಿ ಕೊಟ್ಟಿದ್ದರು. ಈಗ ಮತ್ತೆ ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದರು.

"‘ನಮ್ಮ ಊರಿನಲ್ಲಿ ಹಿಮ ಬೀಳುತ್ತದೆ. ಆದ್ದರಿಂದ ನನಗೆ ಇಬ್ಬರು ತಂಗಿಯರು. ಅಲ್ಲದೆ ತಂಗಿಯರು ಮೇಕೆ ಸಾಕುತ್ತಾರೆ. ಹೀಗಾಗಿ ಮೇಕೆಗಳಿಗೆ ಕೊಂಬುಗಳಿವೆ.’ ಅಲ್ಲಪ್ಪಾ, ಹಿಮ ಬೀಳದ ಊರಿನಲ್ಲಿ ತಂಗಿಯರು ಹುಟ್ಟುವುದಿಲ್ಲವೇ?"

"‘ಆದ್ದರಿಂದ’ ಇಲ್ಲದಿದ್ದರೆ ವಾಕ್ಯಗಳು ಬಿಡಿಬಿಡಿಯಾಗುತ್ತವೆ ಎಂದು ನೀವೇ ಹೇಳಿದ್ದಿರಿ."

ಸಂಗಾದೇವಿ ಕಣ್ಣು ಮುಚ್ಚಿ ಹಣೆ ಒತ್ತಿಕೊಂಡರು. ಹೇಳಿಕೊಟ್ಟದ್ದರಲ್ಲಿ ಅದೊಂದನ್ನು ಮಾತ್ರ ಇವನು ಮರೆತಿರಲಿಲ್ಲ.

"ಕೂತುಕೋ," ಎಂದು ಕತೆ ಶುರು ಮಾಡಿದರು.

ಒಬ್ಬ ರೈತ ಮಗನ ದಿಬ್ಬಣ ಹೊರಡಿಸಿದ. ಹೆಣ್ಣಿನ ಮನೆ ಹೊಳೆಯ ಆಚೆ ದಡದಲ್ಲಿತ್ತು. ಮುಹೂರ್ತ ಬೆಳಗಿನದು. ಎಲ್ಲರೂ ಒಟ್ಟಿಗೆ ನಡೆದು ದಾಟಲೆಂದು, ದೋಣಿಗಳನ್ನು ಸಾಲಾಗಿ ಬಿಗಿದು ಸೇತುವೆ ಮಾಡುವಂತೆ ಒಬ್ಬ ಅಂಬಿಗನಿಗೆ ಹೇಳಿದ. ಅಂಬಿಗ ಗಂಟು ಹಾಕುವುದರಲ್ಲಿ ನಿಪುಣ. ಮಂಜು ಕವಿದಿರುವಾಗಲೇ ಕೆಲಸಕ್ಕೆ ಕೂತ. ಮೊದಲ ದೋಣಿಯನ್ನು ಈಚೆ ದಡಕ್ಕೆ ಬಿಗಿದು, ಅದಕ್ಕೆ ಇನ್ನೊಂದನ್ನು ಕಟ್ಟಿದ, ಅದಕ್ಕೆ ಮತ್ತೊಂದನ್ನು ಕಟ್ಟಿದ. ಅವನು ಕಟ್ಟುತ್ತಾ ಹೋದ ಹಾಗೆ ಹೊಳೆ ಸಾಲನ್ನು ಹರಿವಿನ ಜೊತೆ ಕೆಳಕ್ಕೆ ಎಳೆಯುತ್ತಾ ಹೋಯಿತು. ಅವನು ತಲೆ ಎತ್ತಲಿಲ್ಲ.

ದಿಬ್ಬಣ ಹತ್ತಿತು. ದೋಣಿಯಿಂದ ದೋಣಿಗೆ ಕಾಲಿಡುವಾಗ ಮುದುಕಿಯರೂ ಎಡವಲಿಲ್ಲ. ಕೊನೆಯ ದೋಣಿಯಿಂದ ಇಳಿದ ರೈತ, ಮಂಜಿನಲ್ಲಿ ತನ್ನವೇ ಎತ್ತುಗಳು ಮೇಯುತ್ತಿರುವುದನ್ನು ಕಂಡ. ಸಾಲು ಈಚೆ ದಡವನ್ನೇ ಸ್ವಲ್ಪ ಕೆಳಗೆ ಬಂದು ಮುಟ್ಟಿತ್ತು. ಅಷ್ಟರಲ್ಲಿ ಆಚೆ ದಡದ ಹೆಣ್ಣಿನ ಮನೆಯಿಂದ ಬೆಳಗಿನಿಂದ ಕೇಳುತ್ತಿದ್ದ ಓಲಗ ನಿಂತಿತು. ಮುಹೂರ್ತ ಮೀರಿತ್ತು.

"ಯಾವ ಕಡೆ ನೋಡಿಕೊಂಡು ಕಟ್ಟಿದೆಯೋ?" ಎಂದ ರೈತ.

"ಹಿಂದಿನ ದೋಣಿ ನೋಡಿಕೊಂಡು. ಬೇಕಿದ್ದರೆ ಒಂದೊಂದು ಗಂಟನ್ನೂ ಎಳೆದು ನೋಡಿ, ಗೌಡರೇ."

"ಆಚೆಯಿಂದ ಓಲಗ ಕಿವಿಗೆ ಬೀಳಲಿಲ್ಲವೇ?"

"ಬಿತ್ತು. ಯಾರದೋ ಮದುವೆ ಅಂದುಕೊಂಡೆ."

ದೋರ್ಜೆ ಜೋರಾಗಿ ನಕ್ಕ. ಆಮೇಲೆ, "ಆದರೆ ತಾಯಿ, ಗಂಟು ಒಂದೂ ಬಿಚ್ಚಲಿಲ್ಲವಲ್ಲ," ಎಂದ.

ಸಂಗಾದೇವಿ ಹಾಳೆಯನ್ನು ಅವನ ಮುಂದಕ್ಕೆ ತಳ್ಳಿದರು.

"ನೀನು ಇಲ್ಲಿ ಏಕೆ ಉಳಿಯಬೇಕು ಎಂಬುದು ಆಚೆ ದಡ, ನೀನು ಬಂದು ಇಳಿದದ್ದು ಮೇಕೆಯ ಕೊಂಬಿನ ಮೇಲೆ."